ಖರ್ಜೂರದ ಗೊನೆ ಕಾಯಿ ಕಚ್ಚದಿದ್ದಾಗ: ಕೂಡಿಟ್ಟ ಪರಾಗದಲ್ಲಿ ದೋಷ ಹುಡುಕುವ ಕ್ರಮ

ವಿಜಯಪುರ ಮತ್ತು ಬಾಗಲಕೋಟೆ ಭಾಗದಲ್ಲಿ ದ್ರಾಕ್ಷಿ, ದಾಳಿಂಬೆ ಬೆಳೆದು ಪಳಗಿದ ಕೆಲವರು ಈಗ ಹೊಲದ ಒಂದು ಮಗ್ಗುಲಿಗೆ ಅಂಗಾಂಶ ಕೃಷಿಯ, ಅಂದರೆ ಪ್ರಯೋಗಾಲಯದಲ್ಲಿ ಗಿಡದ ಚೂರಿನಿಂದ ಬೆಳೆಸಿದ, ಬರ್ಹಿ ತಳಿಯ ಖರ್ಜೂರವನ್ನೂ ಹಚ್ಚಿದ್ದಾರೆ. ಒಣ ಹವೆ, ಹನಿ ನೀರಾವರಿ, ಸವುಳು ನೀರು, ಇವೆಲ್ಲ ಅವರಿಗೆ ಹೊಸವಲ್ಲ. ಹೊಸದಾದದ್ದು ಒಂದೇ, ಕೈಯಿಂದ ಪರಾಗ ಹಾಕುವ ಕೆಲಸ. ಖರ್ಜೂರದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ನಾಲ್ವತ್ತು ಐವತ್ತು ಹೆಣ್ಣಿಗೆ ಒಂದು ಗಂಡು ಗಿಡ ಸಾಕೆನ್ನುವ ಲೆಕ್ಕವು ನಾವು ಪರಾಗವನ್ನು ಕೈಯಾರೆ ಒಯ್ದು ಹಾಕುತ್ತೇವೆಂಬ ನಂಬಿಕೆಯ ಮೇಲೆ ನಿಂತಿದೆ. ಆ ಗಂಡು ಗಿಡ ಹೆಣ್ಣಿಗಿಂತ ತಡವಾಗಿ ಹೂ ಬಿಟ್ಟರೆ ಹಿಂದಿನ ಹಂಗಾಮಿನ ಪರಾಗವನ್ನು ಕೂಡಿಟ್ಟುಕೊಳ್ಳುವುದು ಅನಿವಾರ್ಯವಾಗುತ್ತದೆ, ಹೆಚ್ಚಿನ ತಕರಾರುಗಳು ಹುಟ್ಟುವುದೂ ಅಲ್ಲಿಂದಲೇ.

ಕಾಯಿ ನಿಲ್ಲದಿದ್ದಾಗ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು “ಪರಾಗ ಹಳೇದಾಗಿತ್ತು” ಎಂಬುದು. ನಾನು ನೋಡಿದ ಮಟ್ಟಿಗೆ ಈ ತೀರ್ಮಾನ ಬಹುತೇಕ ತಪ್ಪು. ಸರಿಯಾಗಿ ಒಣಗಿಸಿ ಮುಚ್ಚಿಟ್ಟ ಖರ್ಜೂರದ ಪರಾಗ ತಣ್ಣಗಿನ ಜಾಗದಲ್ಲಿ ಮುಂದಿನ ಹಂಗಾಮಿನವರೆಗೆ ಬಾಳುತ್ತದೆ. ಅದನ್ನು ಕೊಲ್ಲುವುದು ವಯಸ್ಸಿಗಿಂತ ಹೆಚ್ಚಾಗಿ ತೇವ, ಮತ್ತು ಆ ತೇವ ಒಳಗೆ ಹೋಗುವುದು ನಾವು ಮುಚ್ಚಳ ತೆಗೆದ ಗಳಿಗೆಯಲ್ಲಿ. ಆದರೆ ಡಬ್ಬಿಯನ್ನು ದೂರುವ ಮೊದಲು ಗೊನೆಯನ್ನು ನೋಡಬೇಕು.

ಮೊದಲು ಗೊನೆಯ ಮಾತು ಕೇಳಿ

ಪರಾಗ ಹಾಕಿ ಐದಾರು ವಾರ ಕಳೆದ ಮೇಲೆ ಗೊನೆಯ ಒಂದು ಎಳೆಯನ್ನು ಅಂಗೈ ಮೇಲಿಟ್ಟು ನೋಡಿ. ಖರ್ಜೂರದ ಹೆಣ್ಣು ಹೂವಿನಲ್ಲಿ ಒತ್ತಿಕೊಂಡು ಕುಳಿತ ಮೂರು ಬಿಡಿ ಅಂಡಾಶಯಗಳಿರುತ್ತವೆ. ಪರಾಗ ತಾಗಿ ಫಲಗಟ್ಟಿದರೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಮಾತ್ರ ದುಂಡಗೆ ಬೆಳೆದು ಉಳಿದ ಎರಡು ಒಣಗಿ ಉದುರುತ್ತವೆ. ಫಲಗಟ್ಟದಿದ್ದರೆ ಮೂರೂ ಒಂದೇ ತೊಟ್ಟಿನ ಮೇಲೆ ಉಳಿದು, ಬೀಜವಿಲ್ಲದ ಸಣ್ಣ ಕಾಯಿಗಳಾಗಿ ಹಸಿರಾಗಿಯೇ ನಿಂತುಬಿಡುತ್ತವೆ. ಒಂದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ಬೀಜವಿರಬೇಕಾದಲ್ಲಿ ಬರಿಯ ಬಿಳಿಯ ತಿರುಳು ಕಾಣುತ್ತದೆ. ಇಂಥ ಮುಮ್ಮಡಿ ಕಾಯಿಗಳು ಕಂಡರೆ ದೋಷ ಪರಾಗಸ್ಪರ್ಶದಲ್ಲಿದೆ. ಹಾಗಲ್ಲದೆ, ಬೀಜ ಕಟ್ಟಿದ ಒಂಟಿ ಕಾಯಿಗಳು ಆಮೇಲೆ ಉದುರುತ್ತಿದ್ದರೆ ಅದು ನೀರು, ಗೊನೆಯ ಭಾರ ಅಥವಾ ಕೀಟದ ಪ್ರಶ್ನೆ. ಪರಾಗದ ಡಬ್ಬಿಗೂ ಅದಕ್ಕೂ ಸಂಬಂಧವಿಲ್ಲ, ಈ ಬರಹವೂ ಅಲ್ಲಿಗೆ ಹೋಗುವುದಿಲ್ಲ.

ಎರಡನೆಯದಾಗಿ, ಮುಮ್ಮಡಿ ಕಾಯಿ ತೋಟದಲ್ಲಿ ಎಲ್ಲೆಲ್ಲಿ ಬಿದ್ದಿದೆ ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಒಂದೇ ಗಿಡದಲ್ಲಿ ಕೆಲವು ಗೊನೆ ತುಂಬಿದ್ದು ಕೆಲವು ಬರಿದಾಗಿದ್ದರೆ ಸಂಶಯ ಪರಾಗ ಹಾಕಿದ ದಿನದ ಮೇಲೆ ಹೋಗಬೇಕು. ಒಂದು ಗಿಡ ಮಾತ್ರ ಪೂರ್ತಿ ಕೈಕೊಟ್ಟು ಅಕ್ಕಪಕ್ಕದವು ಚೆನ್ನಾಗಿದ್ದರೆ ಸಂಶಯ ಆ ಗಿಡದ ಮೇಲೆ. ಒಂದು ತಾರೀಖಿನವರೆಗೆ ಹಾಕಿದ ಗೊನೆಗಳೆಲ್ಲ ಚೆನ್ನಾಗಿದ್ದು, ಅಲ್ಲಿಂದ ಮುಂದೆ ಯಾವ ಗಿಡವೆನ್ನದೆ ಎಲ್ಲೆಡೆ ಕಾಯಿಕಟ್ಟು ಕುಸಿದಿದ್ದರೆ ಡಬ್ಬಿ ತಪ್ಪಿತಸ್ಥ. ಗೊನೆಗೆ ತಾರೀಖು ಮತ್ತು ಡಬ್ಬಿಯ ಸಂಖ್ಯೆ ಬರೆದ ಚೀಟಿ ಕಟ್ಟದವರಿಗೆ ಈ ಮೂರನ್ನೂ ಬೇರ್ಪಡಿಸುವ ದಾರಿಯೇ ಇಲ್ಲ. ಅವರು ಇಡೀ ವರ್ಷ ಊಹೆ ಮಾಡುತ್ತ ಕೂರಬೇಕಾಗುತ್ತದೆ.

ನಮ್ಮ ತೋಟದಲ್ಲಿ ಒಂದು ವರ್ಷ ಆದದ್ದು ಈ ಮೂರನೆಯ ಬಗೆಯದು. ಮೊದಲ ನಾಲ್ಕು ದಿನದ ಚೀಟಿಗಳಿದ್ದ ಗೊನೆಗಳು ತುಂಬಿಕೊಂಡಿದ್ದವು, ಐದನೆಯ ದಿನದಿಂದ ಮುಮ್ಮಡಿ ಕಾಯಿ ಕಾಣತೊಡಗಿತು, ಕೊನೆಯ ದಿನಗಳ ಗೊನೆಗಳಲ್ಲಿ ಬೇರೇನೂ ಇರಲಿಲ್ಲ. ಪರಾಗ ಇಟ್ಟಿದ್ದು ಒಂದೇ ದೊಡ್ಡ ಗಾಜಿನ ಬರಣಿಯಲ್ಲಿ. ದಿನಾಲೂ ಹತ್ತು ಗಂಟೆಗೆ ಅದನ್ನು ಫ್ರಿಜ್‌ನಿಂದ ತೆಗೆದು, ಮುಚ್ಚಳ ಬಿಚ್ಚಿ, ಅಂದಿಗೆ ಬೇಕಾದಷ್ಟನ್ನು ಚಮಚದಲ್ಲಿ ತೆಗೆದುಕೊಂಡು, ಉಳಿದುದನ್ನು ಮತ್ತೆ ಒಳಗಿಡುತ್ತಿದ್ದೆವು. ಹಂಗಾಮು ಮುಗಿದ ಮೇಲೆ ಬರಣಿಯನ್ನು ಬೆಳಕಿಗೆ ಹಿಡಿದಾಗ ಮುಚ್ಚಳದ ಒಳಗಿನ ಅಂಚಿಗೆ ಸಾಸಿವೆಗಿಂತ ಸಣ್ಣ ಹನಿಗಳ ಬಳೆಯೊಂದು ಕಂಡಿತು. ಕತ್ತಿನ ಬಳಿಯ ಪರಾಗ ಒದ್ದೆ ಹಿಟ್ಟಿನಂತೆ ಗಾಜಿಗೆ ಮೆತ್ತಿಕೊಂಡಿತ್ತು. ತಳದಲ್ಲಿ ಹಾಕಿದ್ದ ನೀಲಿ ಸಿಲಿಕಾ ಜೆಲ್ ಹರಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದ್ದವು.

ಡಬ್ಬಿಯೊಳಗೆ ನೀರು ಬಂದದ್ದು ಹೇಗೆ

ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಬೇಸಿಗೆಯಲ್ಲಿ ಬೆವರುವುದನ್ನು ನಾವೆಲ್ಲ ನೋಡಿದ್ದೇವೆ. 4 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದ ಬರಣಿಯನ್ನು ಫೆಬ್ರುವರಿಯ ಬಿಸಿಲೇರಿದ ಹೊತ್ತಿಗೆ ಹೊರಗೆ ತಂದು ತಕ್ಷಣ ತೆರೆದರೆ ಬೆಚ್ಚನೆಯ ಗಾಳಿ ಒಳನುಗ್ಗಿ, ಅದರಲ್ಲಿದ್ದ ನೀರಾವಿ ತಣ್ಣನೆಯ ಗಾಜಿನ ಮೇಲೂ ಪರಾಗದ ಮೇಲೂ ಹನಿಯಾಗಿ ಕೂರುತ್ತದೆ. ನಮ್ಮ ಕಡೆಯ ಹವೆ ಒಣ ಹವೆಯಾದ್ದರಿಂದ ಒಂದು ಸಲಕ್ಕೆ ಕೂರುವ ನೀರು ಅತ್ಯಲ್ಪ. ಆದರೆ ದಿನವೂ ಅದೇ ಬರಣಿಗೆ ಅದೇ ಸೇರುತ್ತ ಹೋಗುತ್ತದೆ. ಒಣಗಿ ನಿದ್ರಿಸುತ್ತಿದ್ದ ಪರಾಗದ ಕಾಳು ನೀರು ಕುಡಿದೊಡನೆ ಉಸಿರಾಟವನ್ನು ಚುರುಕುಗೊಳಿಸಿಕೊಂಡು, ಹೆಣ್ಣು ಹೂವಿನ ಮೇಲೆ ಮೊಳಕೆಯಂಥ ನಳಿಕೆ ಇಳಿಸಲು ಕಾದಿಟ್ಟ ಸತ್ವವನ್ನು ಡಬ್ಬಿಯಲ್ಲೇ ಕರಗಿಸಿಬಿಡುತ್ತದೆ. ಹಾಗೆಯೇ ಬಿಟ್ಟರೆ ಮೇಲೆ ಬೂಷ್ಟು ಹಿಡಿಯುತ್ತದೆ.

ಪರಿಹಾರಕ್ಕೆ ಖರ್ಚಿಲ್ಲ. ಪರಾಗವನ್ನು ಒಂದು ದಿನಕ್ಕೆ ಒಂದರಂತೆ ಸಣ್ಣ ಸೀಸೆಗಳಲ್ಲಿ ತುಂಬಿ, ಆ ಸೀಸೆಗಳನ್ನೆಲ್ಲ ಸಿಲಿಕಾ ಜೆಲ್ ಹಾಕಿದ ಒಂದು ಬಿಗಿ ಮುಚ್ಚಳದ ಡಬ್ಬದಲ್ಲಿಡಬೇಕು. ಬೇಕಾದ ಸೀಸೆಯನ್ನು ಹೊರತೆಗೆದು, ಮುಚ್ಚಳ ಮುಟ್ಟದೆ, ಅದರ ಹೊರಮೈಯ ಬೆವರು ಪೂರ್ತಿ ಆರಿ ಗಾಜು ಕೋಣೆಯಷ್ಟೇ ಬೆಚ್ಚಗಾಗುವವರೆಗೆ, ಅಂದರೆ ಸುಮಾರು ಒಂದು ತಾಸು, ಬಿಡಬೇಕು. ಉಳಿದ ಪರಾಗವನ್ನು ಮರಳಿ ಒಳಗಿಡುವ ಆಸೆ ಮಾಡಬಾರದು. ಗುಲಾಬಿಯಾದ ಹರಳುಗಳನ್ನು ತವೆಯ ಮೇಲೆ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದರೆ ಮತ್ತೆ ನೀಲಿಯಾಗುತ್ತವೆ, ಆರಿದ ಮೇಲೆ ಪುನಃ ಬಳಸಬಹುದು. ಆ ತವೆಯನ್ನು ಮಾತ್ರ ರೊಟ್ಟಿ ಬೇಯಿಸಲು ಬಳಸಬಾರದು, ಏಕೆಂದರೆ ನೀಲಿ ಬಣ್ಣಕ್ಕೆ ಹಾಕುವ ಕೋಬಾಲ್ಟ್ ಕ್ಲೋರೈಡ್ ವಿಷಕಾರಿ.

ಕರೆಂಟ್ ಹೋದದ್ದರಿಂದ ಪರಾಗ ಕೆಟ್ಟಿತೆಂದು ಹೇಳುವವರೂ ಇದ್ದಾರೆ. ತೋಟದ ಮನೆಗಳಲ್ಲಿ ತಾಸುಗಟ್ಟಲೆ ಕರೆಂಟ್ ಇರುವುದಿಲ್ಲವೆಂಬುದು ನಿಜವಾದರೂ ಒಣ ಪರಾಗ ಬಿಗಿಯಾಗಿ ಮುಚ್ಚಿದ್ದರೆ ಅಷ್ಟರಿಂದ ಸಾಯುವುದಿಲ್ಲ. ಮಂಜುಗಡ್ಡೆ ಕರಗಿ ಸೋರಿದ ನೀರು ಡಬ್ಬಿಗೆ ಇಳಿದರೆ ಮಾತು ಬೇರೆ. ಒಂದು ವರ್ಷ ದಾಟಿಸುವುದಾದರೆ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಫ್ರೀಜರ್ ಸಾಮಾನ್ಯ ಫ್ರಿಜ್‌ಗಿಂತ ಮೇಲು, ಆದರೆ ಅಲ್ಲಿಗೆ ಹಾಕುವ ಪರಾಗ ಚೆನ್ನಾಗಿ ಒಣಗಿರಲೇಬೇಕು; ಹಸಿ ಇದ್ದ ಕಾಳಿನೊಳಗಿನ ನೀರು ಮಂಜಾಗಿ ಗಟ್ಟಿಯಾಗುವಾಗ ಕಾಳಿನ ಪೊರೆಗಳನ್ನು ಹರಿದುಹಾಕುತ್ತದೆ. ಸಂಶೋಧನಾ ಕೇಂದ್ರಗಳಲ್ಲಿ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಹಲವು ಬೆಳೆಗಳ ಪರಾಗವನ್ನು ವರ್ಷಗಟ್ಟಲೆ ಕಾಯ್ದಿಡುತ್ತಾರೆ. ರೈತನಿಗೆ ಅದರ ಗೊಡವೆ ಬೇಡ.

ಬಣ್ಣದ ಪರೀಕ್ಷೆ ಹೇಳುವ ಸುಳ್ಳು

ಪರಾಗ ಬದುಕಿದೆಯೋ ಇಲ್ಲವೋ ನೋಡಲು ಅಸಿಟೋಕಾರ್ಮಿನ್ ಎಂಬ ಕೆಂಪು ಬಣ್ಣದ ಹನಿಯಲ್ಲಿ ಅದನ್ನು ಅದ್ದಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಕಾಲೇಜುಗಳಲ್ಲಿ ಕಲಿಸುವ ಸುಲಭದ ವಿಧಾನ. ನಾವೂ ಮೊದಲು ಅದನ್ನೇ ಮಾಡಿ, ಕಾಳುಗಳೆಲ್ಲ ಕೆಂಪಾದವೆಂದು ನೆಮ್ಮದಿಯಾಗಿದ್ದೆವು. ಆಮೇಲೆ ಸಂಶಯ ಬಂದು ಒಂದು ಚಿಟಿಕೆ ಪರಾಗವನ್ನು ಬಿಸಿ ತವೆಯ ಮೇಲೆ ಬೇಕೆಂತಲೇ ಸುಟ್ಟು ಕೊಂದು, ತಾಜಾ ಪರಾಗ, ಬರಣಿಯ ಪರಾಗ ಮತ್ತು ಸತ್ತ ಪರಾಗ ಹೀಗೆ ಮೂರು ಗಾಜಿನ ಪಟ್ಟಿಗಳನ್ನು ಸಾಲಾಗಿ ಇಟ್ಟು ನೋಡಿದೆವು. ಮೂರೂ ಕೆಂಪಾಗಿದ್ದವು. ಆ ಬಣ್ಣ ಹಿಡಿಯುವುದು ಕಾಳಿನೊಳಗಿನ ಜೀವದ್ರವ್ಯವನ್ನು. ಅದು ಬದುಕಿದೆಯೇ ಎಂದು ಬಣ್ಣ ವಿಚಾರಿಸುವುದಿಲ್ಲ. ಗಿಡದ ಮೇಲೆಯೇ ಪೊಳ್ಳಾಗಿ ಹುಟ್ಟಿದ ಕಾಳುಗಳನ್ನು ಪತ್ತೆ ಮಾಡಲು ಅದು ಒಳ್ಳೆಯದು, ಕೂಡಿಟ್ಟಲ್ಲಿ ಸತ್ತ ಕಾಳುಗಳನ್ನು ಹುಡುಕಲು ಅದನ್ನು ನಂಬಬಾರದು. ಟೆಟ್ರಜೋಲಿಯಂ ಎಂಬ ಲವಣದ ಪರೀಕ್ಷೆ ಇದಕ್ಕಿಂತ ಉತ್ತಮ, ಏಕೆಂದರೆ ಉಸಿರಾಡುವ ಕಾಳು ಮಾತ್ರ ಅದನ್ನು ಕೆಂಪು ಮಾಡುತ್ತದೆ. ಅದನ್ನು ಕತ್ತಲಲ್ಲಿಟ್ಟು ಮಾಡಬೇಕು ಮತ್ತು ಕೊಂದ ಪರಾಗದ ಪಟ್ಟಿಯೊಂದನ್ನು ಹೋಲಿಕೆಗೆ ಇಟ್ಟುಕೊಳ್ಳಬೇಕು.

ಎಲ್ಲಕ್ಕಿಂತ ನೇರವಾದ ಪರೀಕ್ಷೆ ಎಂದರೆ ಮೊಳೆಸಿ ನೋಡುವುದು. ಬ್ರೂಬೇಕರ್ ಮತ್ತು ಕ್ವಾಕ್ ಎಂಬ ವಿಜ್ಞಾನಿಗಳು 1963ರಲ್ಲಿ ಪ್ರಕಟಿಸಿದ ದ್ರಾವಣದಲ್ಲಿ ಶೇ. 10ರಷ್ಟು ಸಕ್ಕರೆ, ಬೋರಿಕ್ ಆಮ್ಲ, ಕ್ಯಾಲ್ಸಿಯಂ ನೈಟ್ರೇಟ್, ಮೆಗ್ನೀಸಿಯಂ ಸಲ್ಫೇಟ್ ಮತ್ತು ಪೊಟ್ಯಾಸಿಯಂ ನೈಟ್ರೇಟ್ ಇರುತ್ತವೆ. ತೋಟದ ಮಟ್ಟದ ಪರೀಕ್ಷೆಗೆ ಮೊದಲ ಮೂರು ಸಾಕು. ಒಂದು ಲೀಟರ್ ಬಟ್ಟಿ ಇಳಿಸಿದ ನೀರಿನಲ್ಲಿ 1 ಗ್ರಾಂ ಬೋರಿಕ್ ಆಮ್ಲವನ್ನೂ, ಬೇರೊಂದು ಲೀಟರ್‌ನಲ್ಲಿ 3 ಗ್ರಾಂ ಕ್ಯಾಲ್ಸಿಯಂ ನೈಟ್ರೇಟನ್ನೂ ಕರಗಿಸಿಟ್ಟುಕೊಳ್ಳಿ. ಎರಡರಿಂದಲೂ 10 ಮಿಲಿಲೀಟರ್ ತೆಗೆದು, 10 ಗ್ರಾಂ ಸಕ್ಕರೆ ಸೇರಿಸಿ, ಬಟ್ಟಿ ಇಳಿಸಿದ ನೀರು ಹಾಕಿ ಒಟ್ಟು 100 ಮಿಲಿಲೀಟರ್ ಮಾಡಿದರೆ ದ್ರಾವಣ ಸಿದ್ಧ. ದ್ರಾಕ್ಷಿಗೆ ಹನಿಯಲ್ಲಿ ಬಿಡುವ ಗೊಬ್ಬರದ ಕ್ಯಾಲ್ಸಿಯಂ ನೈಟ್ರೇಟ್ ಮನೆಯಲ್ಲೇ ಇದೆಯೆಂದು ಅದನ್ನು ಬಳಸಬೇಡಿ; ಅದರಲ್ಲಿ ಅಮೋನಿಯಂ ಬೆರೆತಿರುತ್ತದೆ, ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಿಂದಲೇ ತರಬೇಕು. ಕೊಳವೆಬಾವಿಯ ನೀರನ್ನಂತೂ ಮುಟ್ಟಲೇಬಾರದು. ಈ ದ್ರಾವಣ ಎರಡು ದಿನಕ್ಕೇ ಬೂಷ್ಟು ಹಿಡಿಯುವುದರಿಂದ ಆಗಿಂದಾಗ್ಗೆ ಮಾಡಿಕೊಳ್ಳುವುದೇ ಸರಿ.

ಇಲ್ಲಿ ಒಂದು ಹೆಜ್ಜೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಬಹಳ ಒಣಗಿದ ಪರಾಗವನ್ನು ನೇರವಾಗಿ ದ್ರಾವಣಕ್ಕೆ ಹಾಕಿದರೆ ಒಮ್ಮೆಲೇ ನೀರು ನುಗ್ಗಿ, ಬದುಕಿದ್ದ ಕಾಳಿನ ಪೊರೆಯೂ ಸೋರಿ ಅದು ಅಲ್ಲೇ ಸಾಯುತ್ತದೆ, ನಾವು ಒಳ್ಳೆಯ ಪರಾಗಕ್ಕೆ ಸತ್ತಿದೆಯೆಂಬ ಹಣೆಪಟ್ಟಿ ಹಚ್ಚುತ್ತೇವೆ. ಆದ್ದರಿಂದ ಪರಾಗವನ್ನು ಒಣ ಗಾಜಿನ ಪಟ್ಟಿಯ ಮೇಲೆ ಉದುರಿಸಿ, ಅದನ್ನು ಒದ್ದೆ ಹತ್ತಿಯಿರುವ ಮುಚ್ಚಿದ ತಟ್ಟೆಯೊಳಗೆ, ಹತ್ತಿಗೆ ತಾಗದಂತೆ, ಒಂದೆರಡು ತಾಸು ಇಟ್ಟು ನಿಧಾನಕ್ಕೆ ತೇವ ಕುಡಿಸಬೇಕು. ಕೂಡಿಡುವಾಗ ಶತ್ರುವಾದ ತೇವ ಇಲ್ಲಿ ಬೇಕಾಗುತ್ತದೆಯೆಂಬುದು ವಿಚಿತ್ರವೆನಿಸಿದರೂ ನಿಜ.

ಅನಂತರ ದ್ರಾವಣದ ಒಂದು ಹನಿಯಲ್ಲಿ ಪರಾಗವನ್ನು ತೆಳ್ಳಗೆ ಹರಡಿ, ಅದೇ ಒದ್ದೆ ಹತ್ತಿಯ ತಟ್ಟೆಯಲ್ಲಿ 25ರಿಂದ 28 ಡಿಗ್ರಿಯಲ್ಲಿ ಒಂದು ಹಗಲು ಒಂದು ರಾತ್ರಿ ಬಿಟ್ಟು ನೋಡಬೇಕು. ಖರ್ಜೂರದ ಒಣ ಕಾಳು ನಡುವೆ ಒಂದೇ ಸೀಳಿರುವ ಗೋಧಿಯ ಕಾಳಿನಂತೆ ಕಾಣುತ್ತದೆ, ನೀರು ಕುಡಿದಾಗ ಉಬ್ಬಿ ದುಂಡಗಾಗುತ್ತದೆ. ಉಬ್ಬಿದ್ದೆಲ್ಲ ಮೊಳೆತದ್ದಲ್ಲ, ಕಾಳಿನ ಅಗಲಕ್ಕಿಂತ ಉದ್ದವಾದ ನಳಿಕೆ ಹೊರಬಂದಿದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಾಲ್ಕೈದು ಕಡೆ ನೋಡಿ ಕನಿಷ್ಠ ಇನ್ನೂರು ಮುನ್ನೂರು ಕಾಳು ಎಣಿಸುವುದು ಒಳ್ಳೆಯದು. ಶಾಲೆಯ ಸಾಧಾರಣ ಸೂಕ್ಷ್ಮದರ್ಶಕ ಈ ಕೆಲಸಕ್ಕೆ ಸಾಕು. ನಾನು ಅನುಸರಿಸುವ ಲೆಕ್ಕ ಇಷ್ಟು: ಅರ್ಧಕ್ಕಿಂತ ಹೆಚ್ಚು ಮೊಳೆತರೆ ಮಾಮೂಲಿನಂತೆ ಹಿಟ್ಟು ಬೆರೆಸಿ ಹಾಕುವುದು, ಕಾಲುಭಾಗ ಮತ್ತು ಅರ್ಧದ ನಡುವೆ ಇದ್ದರೆ ಏನೂ ಬೆರೆಸದೆ ಹಾಕುವುದು, ಅದಕ್ಕಿಂತ ಕೆಳಗಿಳಿದರೆ ಆ ಸೀಸೆಯನ್ನು ಚೆಲ್ಲಿಬಿಡುವುದು.

ಪರಾಗ ಮೊಳೆತರೂ ಕಾಯಿ ನಿಲ್ಲದಿದ್ದರೆ

ಹಾಗಾದಾಗ ದೋಷ ಸಂಗ್ರಹಕ್ಕೆ ಮೊದಲು ಅಥವಾ ಆಮೇಲೆ ಇರಬೇಕು. ಹೆಣ್ಣು ಹೊಂಬಾಳೆಯ ಪೊರೆ ಸೀಳಿದ ಎರಡರಿಂದ ನಾಲ್ಕು ದಿನದೊಳಗೆ ಪರಾಗ ಬಿದ್ದರೆ ಚೆನ್ನ. ತಳಿಗೆ ತಕ್ಕಂತೆ ಒಂದೆರಡು ದಿನ ಹೆಚ್ಚುಕಡಿಮೆಯಾಗಬಹುದು. ವಾರ ದಾಟಿದ ಮೇಲೆ ಎಂಥ ತಾಜಾ ಪರಾಗ ಹಾಕಿದರೂ ಮುಮ್ಮಡಿ ಕಾಯಿಯೇ ಗತಿ. ವಾರಕ್ಕೊಮ್ಮೆ ಆಳು ಹಚ್ಚಿ ಒಟ್ಟಿಗೆ ಮುಗಿಸುವ ತೋಟಗಳಲ್ಲಿ ಒಂದೇ ಗಿಡದ ಗೊನೆಗಳಲ್ಲಿ ಈ ಏರುಪೇರು ಕಾಣುವುದಕ್ಕೆ ಕಾರಣ ಇದೇ. ಹವೆಯೂ ನೋಡಬೇಕು. ಜನವರಿಯ ಬೆಳಗಿನ ಚಳಿಯಲ್ಲಿ ನಳಿಕೆ ನಿಧಾನ, ಏಪ್ರಿಲ್‌ನ 40 ಡಿಗ್ರಿಯಲ್ಲಿ ಪರಾಗ ಹೂವಿನ ಮೇಲೆಯೇ ಸೊರಗುತ್ತದೆ. ಆದ್ದರಿಂದ ಚಳಿಗಾಲದ ಹೊಂಬಾಳೆಗೆ ಹತ್ತು ಗಂಟೆಯ ಮೇಲೆ ಹಾಕುವುದು ಲೇಸು. ಪರಾಗ ಹಾಕಿ ನಾಲ್ಕಾರು ತಾಸಿನೊಳಗೆ ಅಕಾಲಿಕ ಮಳೆ ಬಿದ್ದರೆ ಮರುದಿನ ಮತ್ತೊಮ್ಮೆ ಹಾಕಬೇಕು.

ಬೆರಕೆಯನ್ನೂ ಸಾಧನವನ್ನೂ ಮರೆಯಬಾರದು. ಒಂದು ಭಾಗ ಪರಾಗಕ್ಕೆ ಐದರಿಂದ ಒಂಬತ್ತು ಭಾಗ ಒಣ ಗೋಧಿ ಹಿಟ್ಟು ಅಥವಾ ವಾಸನೆಯಿಲ್ಲದ ಟಾಲ್ಕ್ ಪುಡಿ ಬೆರೆಸುವುದು ರೂಢಿ. ಹಿಟ್ಟನ್ನು ಅಂದೇ ಬೆರೆಸಬೇಕು, ಬೆರೆಸಿ ಇಟ್ಟರೆ ಹಿಟ್ಟಿನ ತೇವ ಪರಾಗಕ್ಕೆ ದಾಟುತ್ತದೆ. ದ್ರಾಕ್ಷಿಗೆ ಬೋರ್ಡೋ ಎಂಬ ತಾಮ್ರದ ಔಷಧಿ ಹೊಡೆದ ಪಂಪಿನಲ್ಲಿ ಪರಾಗ ಹಾಕಿದವರನ್ನೂ ಕಂಡಿದ್ದೇನೆ. ತಾಮ್ರದ ಅಂಶ ಪರಾಗದ ಮೊಳೆಯುವಿಕೆಯನ್ನು ತಡೆಯುತ್ತದೆ, ಎಷ್ಟು ತೊಳೆದರೂ ಆ ಪಂಪಿನ ಸಂಶಯ ಹೋಗುವುದಿಲ್ಲ. ಇದಕ್ಕೆಂದೇ ಬೇರೆ ಕೈಪಂಪು ಇರಲಿ.

ತಾಜಾ ಪರಾಗವೇ ಮೊಳೆಯದಿದ್ದರೆ ಗಂಡು ಹೊಂಬಾಳೆ ಕೊಯ್ದ ರೀತಿಯನ್ನು ವಿಚಾರಿಸಬೇಕು. ಬಲಿತ ಗಂಡು ಹೊಂಬಾಳೆಯ ಪೊರೆ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಎರಡು ಬೆರಳಿನಲ್ಲಿ ಅದುಮಿದರೆ ಒಳಗೆ ಚರಚರ ಸದ್ದಾಗುತ್ತದೆ. ಅದಕ್ಕೆ ಮೊದಲೇ ಅವಸರ ಮಾಡಿ ಕೊಯ್ದರೆ ಕಾಳು ಬಲಿತಿರುವುದಿಲ್ಲ, ಪೊರೆ ಒಡೆದು ಎರಡು ದಿನ ಬಿಟ್ಟರೆ ಅರ್ಧ ಪರಾಗ ಗಾಳಿಗೂ ಜೇನಿಗೂ ಹೋಗಿರುತ್ತದೆ. ಎಳೆಗಳನ್ನು ನೆರಳಿನಲ್ಲಿ, ಗಾಳಿ ಬೀಸದ ಕೋಣೆಯಲ್ಲಿ, ಕಾಗದದ ಮೇಲೆ ಒಂದೇ ಪದರಾಗಿ ಹರಡಿ ಒಂದೆರಡು ದಿನ ಒಣಗಿಸಿ, ಕೊಡವಿ, ಸಣ್ಣ ಕಣ್ಣಿನ ಜರಡಿ ಹಿಡಿಯಬೇಕು. ಹಪ್ಪಳದಂತೆ ಬಿಸಿಲಿಗೆ ಹಾಕುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಸರಿಯಾಗಿ ಒಣಗಿದ ಪರಾಗ ಸೀಸೆಯನ್ನು ಓರೆ ಮಾಡಿದಾಗ ನೀರಿನಂತೆ ಜಾರುತ್ತದೆ. ಗಂಟಾಗಿ ಉರುಳಿದರೆ ಇನ್ನೂ ಹಸಿ ಇದೆಯೆಂದು ತಿಳಿಯಬೇಕು.

ಇಷ್ಟೆಲ್ಲ ಸರಿಯಿದ್ದು, ಒಂದೇ ಗಿಡ ವರ್ಷದಿಂದ ವರ್ಷಕ್ಕೆ, ಬೇರೆ ಬೇರೆ ಗಂಡಿನ ತಾಜಾ ಪರಾಗಕ್ಕೂ ಒಲಿಯದೆ ಮುಮ್ಮಡಿ ಕಾಯಿಯನ್ನೇ ಬಿಡುತ್ತಿದ್ದರೆ, ಅದರ ಹೂಗಳಲ್ಲಿ ಮೂರಕ್ಕಿಂತ ಹೆಚ್ಚು ಅಂಡಾಶಯಗಳೂ ಕಂಡರೆ, ಅದು ಅಂಗಾಂಶ ಕೃಷಿಯಲ್ಲಿ ಹುಟ್ಟುವ ವಿಕೃತಿಯಾಗಿರುವ ಸಂಭವ ಹೆಚ್ಚು. ಬರ್ಹಿಯ ಅಂಗಾಂಶ ಸಸಿಗಳಲ್ಲಿ ಇದು ಬೇರೆ ದೇಶಗಳಲ್ಲಿಯೂ ದಾಖಲಾಗಿರುವ ತೊಂದರೆ. ಕೆಲವು ಗಿಡ ವಯಸ್ಸಾದಂತೆ ಸುಧಾರಿಸುವುದುಂಟು. ಅಂಥ ಗಿಡಕ್ಕೆ ಚೀಟಿ ಕಟ್ಟಿ ಎರಡು ಮೂರು ಹಂಗಾಮು ಕಾದು ನೋಡಿ ಆಮೇಲೆ ಕೊಡಲಿ ಎತ್ತುವುದು ಸರಿ.

ಹಂಗಾಮಿನ ನಡುವೆಯೇ ಸೀಸೆಗಳು ಸತ್ತಿವೆಯೆಂದು ಗೊತ್ತಾದರೆ ದಾರಿ ಪೂರ್ತಿ ಮುಚ್ಚಿಲ್ಲ. ಪಕ್ಕದ ತೋಟದಲ್ಲಿ ಗಂಡು ಗಿಡ ಹೂ ಬಿಟ್ಟಿದ್ದರೆ ಎರಡು ಮೂರು ಎಳೆ ಕೇಳಿ ತಂದು, ಹೆಣ್ಣು ಗೊನೆಯ ನಡುವೆ ತಲೆಕೆಳಗಾಗಿ ಸಿಕ್ಕಿಸಿ ಸಡಿಲವಾಗಿ ಕಟ್ಟಿದರೆ ಸಾಕು. ಅದೂ ಸಿಗದಿದ್ದರೆ ಹಳ್ಳದ ದಂಡೆಯ ಈಚಲು ಗಿಡವನ್ನು ನೋಡಿ. ಅದೂ ಖರ್ಜೂರದ ಕುಲದ್ದೇ, ಅದರ ಪರಾಗದಿಂದ ಖರ್ಜೂರ ಫಲಗಟ್ಟುತ್ತದೆ. ಆದರೆ ಖರ್ಜೂರದಲ್ಲಿ ಪರಾಗ ಕೊಟ್ಟ ಗಂಡಿನ ಗುಣ ಬೀಜದಲ್ಲಷ್ಟೇ ನಿಲ್ಲದೆ ಹಣ್ಣಿನ ಗಾತ್ರದಲ್ಲಿಯೂ ಮಾಗುವ ಕಾಲದಲ್ಲಿಯೂ ಕಾಣುತ್ತದೆ. ಸ್ವಿಂಗಲ್ ಎಂಬ ಅಮೆರಿಕದ ಸಸ್ಯವಿಜ್ಞಾನಿ 1928ರಲ್ಲಿ ಇದಕ್ಕೆ ಮೆಟಾಜೀನಿಯಾ ಎಂದು ಹೆಸರಿಟ್ಟರು. ಹಾಗಾಗಿ ಈಚಲಿನ ಪರಾಗ ಹಾಕಿದ ಗೊನೆಗಳಿಗೆ ಬೇರೆ ಬಣ್ಣದ ಚೀಟಿ ಕಟ್ಟಿ. ಹಣ್ಣು ಸಣ್ಣದಾಗಿ ಬಂದಾಗ ಮತ್ತೆ ಡಬ್ಬಿಯನ್ನೋ ಗೊಬ್ಬರವನ್ನೋ ದೂರುವ ಪ್ರಸಂಗ ಬರುವುದಿಲ್ಲ.